‘ಮನೇಲೇ ಕೂತು ಬರೆದರೆ ದುಡ್ಡು ಬರುತ್ತಾ?’

ಹೋದ ತಿಂಗಳು ಮಂಡ್ಯದ ಕಲ್ಲಹಳ್ಳಿಯಲ್ಲಿ ಒಂದು ಗೃಹಪ್ರವೇಶ. ಎಲೆ ಮುಂದೆ ಕೂತಿದ್ದೆ, ಪಾಯಸ ಇನ್ನೂ ನಮ್ಮ ಸಾಲಿಗೆ ಬಂದಿರಲಿಲ್ಲ. ಪಕ್ಕದಲ್ಲಿದ್ದ ದೂರದ ಸಂಬಂಧಿಯೊಬ್ಬರು ಶುರು ಮಾಡಿದರು: ‘ಅದೇನೋ ಮನೇಲೇ ಕುಂತ್ಕಂಡು ಬರ್ದು ದುಡ್ಡು ಮಾಡ್ತೀಯಂತಲ್ಲವ್ವ, ನಮ್ ಹುಡ್ಗೀಗೂ ಒಸಿ ಹೇಳ್ಕೊಡು.’

ಈ ಪ್ರಶ್ನೆ ನನಗೆ ಮದುವೆ ಮನೆಯಲ್ಲಿ, ತರಕಾರಿ ಅಂಗಡಿಯಲ್ಲಿ, ಮಗನ ಸ್ಕೂಲ್ ಗೇಟಿನ ಹತ್ತಿರ, ಎಲ್ಲ ಕಡೆ ಎದುರಾಗಿದೆ. ಪ್ರತಿ ಸಲ ಅರ್ಧಂಬರ್ಧ ಉತ್ತರ ಕೊಟ್ಟು ಜಾರಿಕೊಂಡಿದ್ದೇನೆ. ಇವತ್ತು ಪೂರ್ತಿ ಬರೆದುಬಿಡುತ್ತೇನೆ. ಇನ್ಮೇಲೆ ಕೇಳಿದವರಿಗೆ ಇದನ್ನೇ ಕಳಿಸಿದರಾಯಿತು.

ದುಡ್ಡು ಬರುತ್ತದೆ. ಆದರೆ ಸಂಬಳದ ಹಾಗಲ್ಲ, ಹಾಲಿನ ದುಡ್ಡಿನ ಹಾಗೆ.

ಎರಡು ಹಸು ಕಟ್ಟಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಬೆಳಗ್ಗೆ, ಸಂಜೆ ಡೈರಿಗೆ ಹಾಲು ಹಾಕಲೇಬೇಕು. ಯುಗಾದಿ ಅಂತ ಹಸು ರಜೆ ಕೊಡುವುದಿಲ್ಲ. ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಲ್ಲಿರುವ ಗಟ್ಟಿ ಅಂಶ) ನೋಡಿ ರೇಟು. ನೀರು ಬೆರೆಸಿದರೆ ಅಲ್ಲೇ ಸಿಕ್ಕಿಬೀಳುತ್ತೀರಿ. ಆ ದುಡ್ಡಲ್ಲಿ ಮನೆ ಕಟ್ಟುವುದಕ್ಕಾಗುವುದಿಲ್ಲ. ದಿನಸಿ, ಮಗುವಿನ ಫೀಸು, ಚೀಟಿ ಕಂತು ನಡೆಯುತ್ತದೆ. ನನ್ನ ಬರವಣಿಗೆಯದ್ದೂ ಅದೇ ಲೆಕ್ಕ. ಚೆನ್ನಾಗಿ ನಡೆದ ತಿಂಗಳು 18 ಸಾವಿರ, ಕೆಟ್ಟ ತಿಂಗಳು 4 ಸಾವಿರ. ಒಂದು ಜೂನ್‌ನಲ್ಲಿ ಸೊನ್ನೆ ಬಂದಿದ್ದೂ ಇದೆ. ಸ್ಕೂಲ್ ಫೀಸಿನ ತಿಂಗಳೇ ಹೀಗಾಗಬೇಕಾ ಅಂತ ಅತ್ತಿದ್ದೆ.

ನಾನು ಈ ಕೆಲಸಕ್ಕೆ ಬಂದದ್ದು 2016ರಲ್ಲಿ. ಅದಕ್ಕೂ ಮುಂಚೆ ಕೋರ್ಟ್ ಹತ್ತಿರದ ಒಂದು ಡಿಟಿಪಿ ಅಂಗಡಿಯಲ್ಲಿದ್ದೆ. ದಾವೆ ಅರ್ಜಿ, ಲಗ್ನಪತ್ರಿಕೆ, ತಿಥಿ ಕಾರ್ಡು, ಎಲ್ಲಾ ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್. ಮಗ ಹುಟ್ಟಿದ ಮೇಲೆ ಬಿಟ್ಟೆ. ಬೆಂಗಳೂರಿನ ಗೆಳತಿಯೊಬ್ಬಳು ಒಂದು ಅನುವಾದ ಕೊಡಿಸಿದಳು. ಪದಕ್ಕೆ 30 ಪೈಸೆ, 4,000 ಪದ, ಒಟ್ಟು 1,200 ರೂಪಾಯಿ. ಮಗು ಮಲಗಿದ ಮೇಲೆ ಕೂತು ಆರು ರಾತ್ರಿಯಲ್ಲಿ ಮುಗಿಸಿ ಕಳಿಸಿದೆ. ಬೆಳಗ್ಗೆ ಫೋನು: ‘ಇದ್ಯಾವ ಭಾಷೆ ಮೇಡಂ?’

ಆಗಿದ್ದು ಇಷ್ಟೇ. ಹಳೇ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿಕೊಂಡಿರುತ್ತವೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಗೀಚು. ಯೂನಿಕೋಡ್‌ನಲ್ಲಿ ಕನ್ನಡದ ಅಕ್ಷರಗಳಿಗೆ ಅವುಗಳದ್ದೇ ಸಂಖ್ಯೆ ಇದೆ, ಎಲ್ಲಿ ತೆರೆದರೂ ಕನ್ನಡವೇ. ನುಡಿಯನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಹಾಕಿದೆ. ಅಲ್ಲಲ್ಲಿ ಒತ್ತಕ್ಷರ ಕಳಚಿಕೊಂಡಿತ್ತು, ಅರ್ಕಾವತ್ತು ಪಕ್ಕದ ಮನೆಗೆ ಹೋಗಿತ್ತು. ಏಳನೇ ರಾತ್ರಿ ಪೂರ್ತಿ ಅದನ್ನು ಹೆಕ್ಕಿ ಕೂರಿಸಿದೆ. ಈಗ ನುಡಿಯಲ್ಲೇ ಯೂನಿಕೋಡ್ ಇದೆ. ಹಾಗಾಗಿ ಮೊದಲ ದಿನವೇ ಯೂನಿಕೋಡ್‌ನಲ್ಲಿ ಟೈಪ್ ಮಾಡುವುದನ್ನು ಕಲಿಯಿರಿ. ಕೆ.ಪಿ. ರಾವ್ ಅವರ ಕೀಬೋರ್ಡ್ ವಿನ್ಯಾಸ ಕೈಗೆ ಹತ್ತಿದರೆ ವೇಗ ತಾನಾಗೇ ಬರುತ್ತದೆ.

‘ಬರವಣಿಗೆ’ ಅಂದಾಗ ಜನ ಕತೆ, ಕವನ ಅಂದುಕೊಳ್ಳುತ್ತಾರೆ. ನಾನು ಬರೆಯುವುದು ವಾಷಿಂಗ್ ಮೆಷಿನ್ ಕೈಪಿಡಿ, ವಿಮೆ ಕಂಪನಿಯ ಪತ್ರ, ಬೀಜದ ಪೊಟ್ಟಣದ ಹಿಂದಿನ ಸೂಚನೆ, ಮೊಬೈಲ್ ಆಪ್‌ಗಳ ಒಳಗಿನ ಪುಟ್ಟ ಪುಟ್ಟ ಸಾಲು. ಮುಕ್ಕಾಲು ಪಾಲು ಇಂಗ್ಲಿಷ್‌ನಿಂದ ಕನ್ನಡಕ್ಕೆ. ಇಂಗ್ಲಿಷ್‌ನಲ್ಲಿ ಬರೆಯುವವರು ಪ್ರಪಂಚದ ತುಂಬ ಇದ್ದಾರೆ, ನಾವು ಅವರ ಜೊತೆ ಓಡಿ ಗೆಲ್ಲುವುದು ಕಷ್ಟ. ಕನ್ನಡ ನಮ್ಮ ಹಿತ್ತಲಿನ ಬೆಳೆ.

ಆಪ್‌ನ ಸಾಲುಗಳು ನೋಡೋದಕ್ಕೆ ಸುಲಭ. ಒಳಗೆ ಇಳಿದರೆ ತಲೆನೋವು. ದುಡ್ಡು ಕಳಿಸುವ ಒಂದು ಆಪ್‌ನಲ್ಲಿ ‘ಇಂಥವರಿಗೆ 500 ರೂಪಾಯಿ ಹೋಯಿತು’ ಅಂತ ಬರಬೇಕಿತ್ತು. ಹೆಸರಿನ ಜಾಗ ಖಾಲಿ, ಅದನ್ನು ಕಂಪ್ಯೂಟರ್ ತುಂಬುತ್ತದೆ. ಇಂಗ್ಲಿಷ್‌ನಲ್ಲಿ ಹೆಸರಿನ ಹಿಂದೆ ‘ಟು’ ಅಂತ ಹಾಕಿದರೆ ಮುಗಿಯಿತು. ನಮ್ಮಲ್ಲಿ ಹಾಗಾಗುತ್ತದಾ? ರಾಮನಿಗೆ, ಗಿರಿಜೆಗೆ, ರವಿಗೆ, ರಮೇಶ್‌ಗೆ. ಒಬ್ಬೊಬ್ಬರಿಗೆ ಒಂದೊಂದು ಬಾಲ. ಸುಮ್ನೆ ‘ಗೆ’ ಅಂಟಿಸಿದರೆ ‘ರಾಮಗೆ’ ಅಂತ ಬರುತ್ತದೆ. ಕೊನೆಗೆ ಖಾಲಿ ಜಾಗದ ಮುಂದೆ ‘ಅವರಿಗೆ’ ಅಂತ ಬಿಡಿಯಾಗಿ ಇಟ್ಟೆ. ರಮೇಶ್ ಅವರಿಗೆ, ಗಿರಿಜಾ ಅವರಿಗೆ. ಮರ್ಯಾದೆಯೂ ಆಯಿತು, ವ್ಯಾಕರಣವೂ ಉಳಿಯಿತು. ಈ ಒಂದು ಪದಕ್ಕೆ ನಾನು ಒಂದು ಗಂಟೆ ಕಳೆದೆ. ಬಿಲ್ಲಿನಲ್ಲಿ ಅದು ಒಂದೇ ಪದ.

ಇನ್ನೊಂದು ಸಲ ‘ಸೆಷನ್ ಎಕ್ಸ್‌ಪೈರ್ಡ್’ ಅಂತ ಇದ್ದದ್ದಕ್ಕೆ ಯಾರೋ ‘ನಿಮ್ಮ ಅಧಿವೇಶನ ಮುಕ್ತಾಯಗೊಂಡಿದೆ’ ಅಂತ ಬರೆದಿದ್ದರು. ಓದಿದವರು ತಾವು ವಿಧಾನಸೌಧದಲ್ಲಿ ಇದ್ದೇವೆ ಅಂದುಕೊಳ್ಳಬೇಕು. ‘ಸಮಯ ಮೀರಿದೆ, ಮತ್ತೆ ಲಾಗಿನ್ ಆಗಿ’ ಅಂತ ತಿದ್ದಿದೆ. ಇಂಥ ತಿದ್ದುಪಡಿಯೇ ಈಗ ಜಾಸ್ತಿ. ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಬಂದದ್ದು 2011ರಲ್ಲಿ. ಆಗೆಲ್ಲ ಅದನ್ನು ಓದಿ ನಗುತ್ತಿದ್ದೆವು. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ನಗು ನಿಂತಿತು. ಗಿರಾಕಿಗಳು ಮೆಷಿನ್ ಮಾಡಿದ್ದನ್ನೇ ಕಳಿಸಿ ‘ಸ್ವಲ್ಪ ನೋಡಿಕೊಡಿ’ ಅನ್ನುತ್ತಾರೆ. ಹೊಸದಾಗಿ ಅನುವಾದಿಸಿದರೆ ನಾನು ಪದಕ್ಕೆ ಒಂದರಿಂದ ಒಂದೂವರೆ ರೂಪಾಯಿ ತೆಗೆದುಕೊಳ್ಳುತ್ತೇನೆ. ‘ನೋಡಿಕೊಡು’ವುದಕ್ಕೆ 40, 50 ಪೈಸೆ. ಕೆಲವು ಸಲ ನೋಡಿಕೊಡುವುದಕ್ಕಿಂತ ಮೊದಲಿಂದ ಬರೆಯುವುದೇ ಸಲೀಸು. ಆದರೆ ಹಾಗಂತ ಗಿರಾಕಿಗೆ ಹೇಳಿದರೆ ಕೆಲಸ ಬೇರೆಯವರಿಗೆ ಹೋಗುತ್ತದೆ. ನನಗಿನ್ನೂ ಇದಕ್ಕೆ ದಾರಿ ಸಿಕ್ಕಿಲ್ಲ.

ಪದದ ಲೆಕ್ಕ ಅಂದೆನಲ್ಲ, ಯಾವ ಪದ ಅಂತ ಮೊದಲೇ ಮಾತಾಡಿಕೊಳ್ಳಿ. ‘ಇನ್ ದ ಹೌಸ್’ ಇಂಗ್ಲಿಷ್‌ನಲ್ಲಿ ಮೂರು ಪದ. ಕನ್ನಡದಲ್ಲಿ ‘ಮನೆಯಲ್ಲಿ’, ಒಂದೇ. ಕನ್ನಡದ ಪದ ಎಣಿಸುತ್ತೇವೆ ಅಂದರೆ ಅಲ್ಲೇ ಮುಳುಗಿದಿರಿ. ಮೂಲದ ಇಂಗ್ಲಿಷ್ ಪದವನ್ನೇ ಎಣಿಸಬೇಕು. ಇದು ನನಗೆ ತಿಳಿಯುವ ಹೊತ್ತಿಗೆ ಎರಡು ವರ್ಷ ದಾಟಿತ್ತು.

ಬಿಡಿ ಕೆಲಸ ಹುಡುಕಿಕೊಡುವ ಫೈವರ್ ತರಹದ ಜಾಲತಾಣಗಳ ಬಗ್ಗೆಯೂ ಕೇಳುತ್ತಾರೆ. ಶುರುವಿಗೆ ಪರವಾಗಿಲ್ಲ. ಆದರೆ ಫೈವರ್ ನೂರಕ್ಕೆ ಇಪ್ಪತ್ತು ಹಿಡಿದುಕೊಳ್ಳುತ್ತದೆ. 5 ಡಾಲರ್ ಕೆಲಸಕ್ಕೆ ಉಳಿಯುವುದು 4, ಅದನ್ನು ಬ್ಯಾಂಕಿಗೆ ತರಿಸಿಕೊಳ್ಳುವಾಗ ಇನ್ನೊಂದು ಚೂರು ಹೋಗುತ್ತದೆ. ಸ್ವಂತ ಬ್ಲಾಗ್ ಮಾಡಿ ಜಾಹೀರಾತು ಹಾಕುವ ಆಸೆ ಇದ್ದರೆ, ಗೂಗಲ್ ಆಡ್‌ಸೆನ್ಸ್ 10 ಡಾಲರ್ ಆದಾಗ ವಿಳಾಸ ಖಾತ್ರಿ ಮಾಡಿಕೊಳ್ಳಲು ಅಂಚೆಯಲ್ಲಿ ಒಂದು ಪಿನ್ ಸಂಖ್ಯೆ ಕಳಿಸುತ್ತದೆ, 100 ಡಾಲರ್ ಮುಟ್ಟುವ ತನಕ ದುಡ್ಡು ಕೊಡುವುದಿಲ್ಲ. ನನ್ನ ಅಡುಗೆ ಬ್ಲಾಗಿಗೆ ಆ ಪಿನ್ ಬಂದಾಗ ಪೋಸ್ಟ್‌ಮ್ಯಾನ್‌ಗೆ ಮೈಸೂರ್‌ಪಾಕ್ ಕೊಟ್ಟಿದ್ದೆ. ನೂರು ಡಾಲರ್ ಇನ್ನೂ ಆಗಿಲ್ಲ. ತೆರಿಗೆ ವಿಷಯ ಚಿಕ್ಕದು: ಪ್ಯಾನ್ ಕಾರ್ಡ್ ಇಟ್ಟುಕೊಳ್ಳಿ, ಕಂಪನಿ ತೆರಿಗೆ ಅಂತ ಮೊದಲೇ ಮುರಿದುಕೊಂಡ ದುಡ್ಡು (ಟಿಡಿಎಸ್) ವಾಪಸ್ ಬೇಕಾದರೆ ರಿಟರ್ನ್ ಸಲ್ಲಿಸಿ. ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ. ಆ ಚಿಂತೆ ನನಗೆ ಬರಲಿ ಅಂತ ಚಾಮುಂಡಿಗೆ ಹರಕೆ ಹೊತ್ತಿದ್ದೇನೆ.

ನಿಜವಾದ ಕಷ್ಟ ಬಟವಾಡೆಯದ್ದು. ಇದನ್ನು ಮಂಡ್ಯದವರಿಗೆ ನಾನೇನು ಹೇಳಲಿ. ಕಾರ್ಖಾನೆಗೆ ಕಬ್ಬು ಹಾಕಿದ 14 ದಿನದೊಳಗೆ ರೈತನಿಗೆ ದುಡ್ಡು ಕೊಡಬೇಕು, ತಡ ಆದರೆ ಬಡ್ಡಿ ಸೇರಿಸಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಆದೇಶದ ಪ್ರಕಾರ ದುಡ್ಡು ನೋಡಿದವರನ್ನು ನಮ್ಮಪ್ಪ ಬೆರಳಲ್ಲಿ ಎಣಿಸುತ್ತಿದ್ದರು. ನನಗೂ ಒಂದು ಕಂಪನಿ 11,400 ರೂಪಾಯಿ ಏಳು ತಿಂಗಳು ಕೊಡಲಿಲ್ಲ. ಫೋನ್ ಮಾಡಿದರೆ ‘ಅಕೌಂಟ್ಸ್‌ನಲ್ಲಿದೆ’. ಆಮೇಲೆ ಒಬ್ಬ ಪರಿಚಯದ ಆಡಿಟರ್ ಹೇಳಿದರು, ಸಣ್ಣ ಉದ್ದಿಮೆಗಳಿಗೆ ಅಂತ ಕೇಂದ್ರ ಸರ್ಕಾರ ಮಾಡಿರುವ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೋ ಅಂತ. ಆನ್‌ಲೈನ್‌ನಲ್ಲಿ ಆಧಾರ್ ಇಟ್ಟುಕೊಂಡು ಮಾಡಬಹುದು, ದುಡ್ಡು ಕಟ್ಟಬೇಕಿಲ್ಲ. ಹಾಗೆ ನೋಂದಾಯಿಸಿದ ಸಣ್ಣ ಉದ್ದಿಮೆಯವರಿಗೆ ಬಾಕಿಯನ್ನು ಹೆಚ್ಚೆಂದರೆ 45 ದಿನದಲ್ಲಿ ತೀರಿಸಬೇಕು ಅಂತ 2006ರ ಕಾನೂನು ಇದೆ. ಈಗ ನನ್ನ ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ, ಪಕ್ಕದಲ್ಲಿ ಆ 45 ದಿನದ ಸಾಲು ಇರುತ್ತದೆ. ಎಲ್ಲರೂ ಹೆದರುವುದಿಲ್ಲ. ಕೆಲವರು ಹೆದರುತ್ತಾರೆ, ಅಷ್ಟು ಸಾಕು.

ಇದೆಲ್ಲಕ್ಕಿಂತ ಮುಂಚೆ ಒಂದು ಮಾತು ಹೇಳಬೇಕಿತ್ತು, ಈಗ ಹೇಳುತ್ತೇನೆ. ಕೆಲಸ ಕೊಡುವುದಕ್ಕೆ ನಿಮ್ಮಿಂದಲೇ ದುಡ್ಡು ಕೇಳಿದರೆ ಅದು ಕೆಲಸ ಅಲ್ಲ. ನಮ್ಮ ಬೀದಿಯ ಒಬ್ಬಾಕೆ ‘ಟೈಪಿಂಗ್ ವರ್ಕ್’ ಅಂತ 2,500 ರೂಪಾಯಿ ಕಟ್ಟಿದಳು. ಮಬ್ಬು ಮಬ್ಬಾದ ಪುಟಗಳನ್ನು ಕಳಿಸಿದರು. ಹಗಲು ರಾತ್ರಿ ಟೈಪ್ ಮಾಡಿ ಕೊಟ್ಟಳು. ‘ತಪ್ಪು ಜಾಸ್ತಿ ಇದೆ, ಕರಾರು ಮುರಿದಿದ್ದೀರಿ, ದಂಡ ಕಟ್ಟಿ’ ಅಂತ ವಕೀಲರ ಹೆಸರಲ್ಲಿ ನೋಟಿಸ್ ಬಂತು. ಮನೆಯಲ್ಲಿ ಹೇಳುವುದಕ್ಕೆ ಹೆದರಿ ಓಲೆ ಅಡ ಇಡಲು ಹೊರಟಿದ್ದಳು. ಆ ನೋಟಿಸ್ ಬರೀ ಬೆದರಿಕೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ ದೂರು ಕೊಡಿಸಿದೆವು. ದುಡ್ಡು ವಾಪಸ್ ಬರಲಿಲ್ಲ, ಓಲೆ ಉಳಿಯಿತು.

ಗೃಹಪ್ರವೇಶದಲ್ಲಿ ಕೇಳಿದರಲ್ಲ, ಅವರ ಹುಡುಗಿ ಮರು ಭಾನುವಾರ ಬಂದಳು. ಬಿ.ಕಾಂ. ಎರಡನೇ ವರ್ಷ. ಯಾರು ಬಂದರೂ ನಾನು ಒಂದು ಪುಟ್ಟ ಪರೀಕ್ಷೆ ಕೊಡುತ್ತೇನೆ. ಮಗನ ಕೆಮ್ಮಿನ ಸಿರಪ್ ಬಾಟಲಿ ಮುಂದಿಟ್ಟು, ಮೇಲಿರುವ ‘ಶೇಕ್ ವೆಲ್ ಬಿಫೋರ್ ಯೂಸ್’ ಅನ್ನೋದನ್ನು ಕನ್ನಡದಲ್ಲಿ ಬರಿ ಅಂದೆ. ಮೆಷಿನ್‌ಗೆ ಕೊಟ್ಟರೆ ‘ಬಳಸುವ ಮೊದಲು ಚೆನ್ನಾಗಿ ಅಲ್ಲಾಡಿಸಿ’ ಅನ್ನುತ್ತದೆ. ತಪ್ಪೇನಿಲ್ಲ. ನಾನು ಇಂಥದ್ದೇ ಒಂದು ಸಾಲಿಗೆ ‘ಕುಡಿಯುವ ಮುನ್ನ ಚೆನ್ನಾಗಿ ಕುಲುಕಿ’ ಅಂತ ಬರೆದು, ಬಿಲ್ಲನ್ನೂ ಮಾಡಿದ್ದೆ.

ಅವಳು ಬಾಟಲಿ ತಿರುಗಿಸಿ ತಿರುಗಿಸಿ ನೋಡಿದಳು. ‘ಕುಡಿಸುವ ಮುಂಚೆ ಚೆನ್ನಾಗಿ ಕುಲುಕಿ’ ಅಂತ ಬರೆದಳು.

‘ಕುಡಿಸುವ ಯಾಕೆ?’ ಅಂದೆ.

‘ಮಕ್ಳ ಸಿರಪ್ ಅಲ್ವಾ ಅಕ್ಕ. ಮಗು ತಾನೇ ತಗಂಡು ಕುಡೀತದಾ? ನಾವೇ ತಾನೇ ಕುಡ್ಸೋದು.’

ನನ್ನ ಕೈಯಲ್ಲಿದ್ದ ಕೆಲಸದಲ್ಲಿ 420 ಪದ ಅವಳಿಗೆ ಕೊಟ್ಟೆ. ಪದಕ್ಕೆ 80 ಪೈಸೆ, 336 ರೂಪಾಯಿ. ಎರಡು ಕಡೆ ಮಾತ್ರ ತಿದ್ದಿದೆ. ಬಿಲ್ ಕಳಿಸಿ ಹನ್ನೊಂದು ದಿನ ಆಗಿದೆ. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಮೆಸೇಜ್ ಬರುತ್ತದೆ: ‘ಅಕ್ಕ, ಬಂತಾ?’