ಮೂರನೆಯ ಬೆಂಚಿನ ಪ್ರಶ್ನೆ

ಆಗಸ್ಟ್ 6, 2025, ಬುಧವಾರ, ರಾತ್ರಿ

ತಪ್ಪು ಉತ್ತರ ಹೇಳಿದ್ದರೆ ನಾಳೆ ತಿದ್ದಿಬಿಡಬಹುದಿತ್ತು. ನಾನು ಇವತ್ತು ಹೇಳಿದ್ದು ಉತ್ತರವೇ ಅಲ್ಲ.

ಜೀವಕೋಶ ಡಿಎನ್‌ಎಯನ್ನು ನಕಲು ಮಾಡಿಕೊಳ್ಳುವ ಪಾಠ. ಹೆಲಿಕೇಸ್ ಎಂಬ ಕಿಣ್ವ ಎರಡು ಎಳೆಗಳನ್ನು ಬಿಡಿಸುತ್ತಾ ಹೋಗುತ್ತದೆ. ಎಳೆಗಳು ಒಂದಕ್ಕೊಂದು ಎದುರು ದಿಕ್ಕಿನವು, ಆದರೆ ಹೊಸ ಎಳೆ ಕಟ್ಟುವ ಕಿಣ್ವ ಪಾಲಿಮರೇಸ್ ಬರೆಯುವುದು ಒಂದೇ ದಿಕ್ಕಿನಲ್ಲಿ. ಹಾಗಾಗಿ ಒಂದು ಕಡೆ ಹೊಸ ಎಳೆ ಸರಾಗವಾಗಿ ಬೆಳೆಯುತ್ತದೆ, ಇನ್ನೊಂದು ಕಡೆ ತುಣುಕು ತುಣುಕಾಗಿ. ಪ್ರತಿ ತುಣುಕಿಗೂ ಮೊದಲು ಒಂದಿಷ್ಟು ಆರ್‌ಎನ್‌ಎ ಪ್ರೈಮರ್, ಅಂದರೆ ಶುರುಮಾಡಲು ಒಂದು ಆಸರೆ, ಹಾಕಬೇಕು, ಆಮೇಲೆ ಅದನ್ನು ತೆಗೆಯಬೇಕು, ಆ ಜಾಗ ತುಂಬಬೇಕು, ಕೊನೆಗೆ ಲೈಗೇಸ್ ಬಂದು ಬೆಸೆಯಬೇಕು. ನಮ್ಮ ಕೋಶಗಳಲ್ಲಿ ಒಂದೊಂದು ತುಣುಕು ನೂರರಿಂದ ಇನ್ನೂರು ಅಕ್ಷರಗಳಷ್ಟೇ (ಅಕ್ಷರ ಎಂದರೆ ನ್ಯೂಕ್ಲಿಯೊಟೈಡ್, ಸರಪಳಿಯ ಒಂದೊಂದು ಕೊಂಡಿ). ಕೋಶ ಒಮ್ಮೆ ವಿಭಜನೆಯಾಗಬೇಕಾದರೆ ಇಂಥವು ಕೋಟಿಗಟ್ಟಲೆ ಬೇಕು.

ಮೂರನೆಯ ಬೆಂಚಿನಿಂದ ಅವಳೇ, ಕಳೆದ ವಾರ ಮೈಟೋಕಾಂಡ್ರಿಯಾ ಬಗ್ಗೆ ಬಿಡದೆ ಕೇಳಿದವಳೇ, ಎದ್ದು ನಿಂತಳು. ‘ಇಷ್ಟೊಂದು ಹೊಲಿಗೆ ಯಾಕೆ, ಮೇಡಂ? ಇನ್ನೊಂದು ದಿಕ್ಕಿಗೆ ನಡೆಯುವ ಕಿಣ್ವ ಒಂದಿದ್ದರೆ ಸಾಕಿತ್ತಲ್ಲ?’

‘ಆ ಕಿಣ್ವದ ಸ್ವಭಾವವೇ ಹಾಗೆ, ಬರೆದುಕೋ’ ಎಂದೆ. ಅವಳು ಬರೆದುಕೊಂಡಳು.

ಬರೆದುಕೊಂಡಳಲ್ಲ, ಅದು ಸಂಜೆಯೆಲ್ಲ ಚುಚ್ಚಿತು. ಹಾಳೆ ತೆಗೆದು ಎರಡೂ ದಿಕ್ಕುಗಳನ್ನು ನಾನೇ ಬಿಡಿಸಿ ನೋಡಿದೆ. ಸರಪಳಿಗೆ ಹೊಸ ಅಕ್ಷರ ಸೇರಲು ಶಕ್ತಿ ಬೇಕು. ಈಗಿರುವ ದಿಕ್ಕಿನಲ್ಲಿ, ಬರುವ ಪ್ರತಿಯೊಂದು ನ್ಯೂಕ್ಲಿಯೊಟೈಡೂ ಮೂರು ಫಾಸ್ಫೇಟುಗಳ ಬುತ್ತಿಯನ್ನು ತಾನೇ ಕಟ್ಟಿಕೊಂಡು ಬರುತ್ತದೆ. ತಪ್ಪು ಅಕ್ಷರ ಬಿದ್ದರೆ ಪಾಲಿಮರೇಸ್ ಹಿಂದೆ ಸರಿದು ಅದನ್ನು ಕತ್ತರಿಸುತ್ತದೆ, ಮುಂದಿನದು ತನ್ನ ಬುತ್ತಿಯೊಂದಿಗೆ ಬಂದು ಕೂರುತ್ತದೆ. ದಿಕ್ಕು ತಿರುಗಿಸಿದರೆ? ಆಗ ಬುತ್ತಿ ಇರುವುದು ಬೆಳೆಯುತ್ತಿರುವ ಸರಪಳಿಯ ತುದಿಯಲ್ಲಿ. ತಪ್ಪಿದ ಅಕ್ಷರವನ್ನು ಕತ್ತರಿಸಿದರೆ ಅದೂ ಜೊತೆಗೇ ಹೋಗುತ್ತದೆ. ಬರಿಗೈಯ ತುದಿಗೆ ಇನ್ನೇನೂ ಅಂಟುವುದಿಲ್ಲ, ಕೆಲಸ ಅಲ್ಲೇ ನಿಲ್ಲುತ್ತದೆ. ತಿದ್ದಿಕೊಳ್ಳುವ ಅವಕಾಶವನ್ನು ಉಳಿಸಿಕೊಳ್ಳಲು ಕೋಶ ಈ ಕೋಟಿ ಹೊಲಿಗೆಗಳ ಶ್ರಮವನ್ನು ಹೊರುತ್ತಿದೆ! ಇಷ್ಟು ವರ್ಷ ಪಾಠ ಮಾಡಿದರೂ ನಾನು ಇದನ್ನು ತರಗತಿಯಲ್ಲಿ ಒಮ್ಮೆಯೂ ಹೇಳಿರಲಿಲ್ಲ.

ಪಾಲಿಮರೇಸ್ ಸುಮಾರು ಒಂದು ಲಕ್ಷ ಅಕ್ಷರಗಳಿಗೆ ಒಂದನ್ನು ತಪ್ಪಾಗಿ ಜೋಡಿಸುತ್ತದೆ. ಅದು ತಾನೇ ತಿದ್ದಿ, ಆಮೇಲೆ ಬೇರೆ ಕಿಣ್ವಗಳು ಮತ್ತೊಮ್ಮೆ ನೋಡಿ ಸರಿಪಡಿಸಿದ ನಂತರ ಉಳಿಯುವುದು ನೂರು ಕೋಟಿಗೆ ಒಂದೋ, ಅದಕ್ಕಿಂತ ಕಡಿಮೆಯೋ.

ದಿನಾಂಕ ಬರೆದಾಗಲೇ ಕೈ ತಡೆದಿತ್ತು. ಆಗಸ್ಟ್ ಆರು. ಆ ತುಣುಕುಗಳಿಗೆ ಯಾರ ಹೆಸರಿಟ್ಟಿದ್ದಾರೋ ಆ ಜಪಾನಿ ವಿಜ್ಞಾನಿ ರೈಜಿ ಒಕಝಾಕಿ 1945ರ ಇದೇ ಹೊತ್ತಿಗೆ ಹದಿನಾಲ್ಕು ವರ್ಷದ ಹುಡುಗ. ಹಿರೋಶಿಮಾದ ಬಾಂಬಿನ ವಿಕಿರಣ ಅವನ ಮೈ ಹೊಕ್ಕಿತ್ತು. 1968ರಲ್ಲಿ ಅವರೂ ಪತ್ನಿ ತ್ಸುನೆಕೊ ಅವರೂ ನಗೋಯಾದಲ್ಲಿ ಕೆಲಸ ಮಾಡುತ್ತಾ ಈ ತುಣುಕುಗಳನ್ನು ಜಗತ್ತಿಗೆ ತೋರಿಸಿದರು. 1975ರ ಆಗಸ್ಟ್ 1ರಂದು ರೈಜಿ ಲ್ಯುಕೇಮಿಯಾದಿಂದ, ಅಂದರೆ ರಕ್ತದ ಕ್ಯಾನ್ಸರಿನಿಂದ, ತೀರಿಕೊಂಡರು. ನಲವತ್ತನಾಲ್ಕು ವರ್ಷ. ಮೊನ್ನೆ ಶುಕ್ರವಾರಕ್ಕೆ ಐವತ್ತು ವರ್ಷವಾಯಿತು. ತ್ಸುನೆಕೊ ಸಂಶೋಧನೆ ಬಿಡಲಿಲ್ಲ. ತುಣುಕುಗಳ ತಲೆಯಲ್ಲಿ ಕೂರುವ ಪ್ರೈಮರಿನ ಕೆಲಸವನ್ನು ಮುಂದುವರಿಸಿದರು.

ಲ್ಯುಕೇಮಿಯಾದಲ್ಲಿ ನಕಲು ನಿಂತಿರುವುದಿಲ್ಲ. ಕೆಟ್ಟುಹೋದ ಮೂಲವನ್ನೇ ಕೋಶ ಅಷ್ಟೇ ಶ್ರದ್ಧೆಯಿಂದ ನಕಲು ಮಾಡುತ್ತಾ ಹೋಗುತ್ತದೆ. ಪಾಲಿಮರೇಸ್ ಹೊಸ ಅಕ್ಷರವನ್ನು ಮೂಲದೊಂದಿಗೆ ಹೋಲಿಸಿ ತಿದ್ದಬಲ್ಲದು, ಮೂಲವೇ ಸರಿಯೇ ಎಂದು ಅದಕ್ಕೆ ಹೇಗೆ ತಿಳಿಯಬೇಕು? ಇದನ್ನು ಬರೆಯುವಾಗ ಎದೆ ಭಾರವಾಗುತ್ತಿದೆ.

ನಾಳೆ ಮೊದಲ ಗಂಟೆಯಲ್ಲೇ ಆ ಸಾಲನ್ನು ಹೊಡೆದುಹಾಕಲು ಹೇಳುತ್ತೇನೆ. ಎರಡೂ ದಿಕ್ಕುಗಳನ್ನು ಬೋರ್ಡಿನ ಮೇಲೆ ಅವಳಿಂದಲೇ ಬಿಡಿಸಿಸುತ್ತೇನೆ. ಅವಳು ಅಷ್ಟಕ್ಕೇ ಬಿಡುವವಳಲ್ಲ, ಕಟ್ಟಕಡೆಯ ತುಣುಕಿನ ಗತಿ ಏನು ಎಂದು ಕೇಳಿಯೇ ಕೇಳುತ್ತಾಳೆ. ತುದಿಯ ಪ್ರೈಮರ್ ತೆಗೆದ ಮೇಲೆ ಆ ಜಾಗ ತುಂಬಲು ಅದರಾಚೆ ಆಸರೆಯೇ ಇಲ್ಲ, ಪ್ರತಿ ಸಲವೂ ಎಳೆ ಸ್ವಲ್ಪ ಸ್ವಲ್ಪ ಮೋಟಾಗುತ್ತದೆ. ಅದಕ್ಕೇ ತುದಿಯಲ್ಲಿ ಟೆಲೋಮಿಯರ್ ಎಂಬ ಅರ್ಥವಿಲ್ಲದ ಅಕ್ಷರಗಳ ಸಾಲು. ಅದೂ ಸವೆದು ಮುಗಿದಾಗ?