ಹಳೆಯ ಚರ್ಚಿನ ಗೋಡೆಗೆ ಸಿಮೆಂಟ್ ಯಾಕೆ ಬೇಡ

ಇಂಗ್ಲೆಂಡಿನ ಹಳ್ಳಿಗಳಲ್ಲಿ ಏಳೆಂಟುನೂರು ವರ್ಷ ಹಳೆಯ ಆಂಗ್ಲಿಕನ್ ಚರ್ಚುಗಳಲ್ಲಿ ಇವತ್ತಿಗೂ ಪ್ರಾರ್ಥನೆ ನಡೆಯುತ್ತದೆ. ಗೋಡೆ ಹೆಚ್ಚುಕಡಿಮೆ 3 ಅಡಿ ದಪ್ಪ. ಒಳಗೂ ಹೊರಗೂ ಕಲ್ಲು, ನಡುವೆ ಚೂರುಕಲ್ಲು ಮತ್ತು ಸುಣ್ಣದ ಗಾರೆ. ಒಳಸೇರಿದ ತೇವ ಸಂದಿನ ಸುಣ್ಣದ ಮೂಲಕವೇ ಆರಿಹೋಗಬೇಕು.

20ನೇ ಶತಮಾನದಲ್ಲಿ ಎಷ್ಟೋ ಚರ್ಚುಗಳ ಸಂದಿಗೆ ಸಿಮೆಂಟ್ ತುಂಬಿದರು. ಆಮೇಲೆ ತೇವಕ್ಕೆ ಕಲ್ಲಿನ ಮೈಯೊಂದೇ ದಾರಿ. ಜೊತೆಗೆ ಬಂದ ಉಪ್ಪು ಅಲ್ಲೇ ಹರಳುಗಟ್ಟುತ್ತದೆ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ. ಕಲ್ಲು ಉದುರಿ, ಸಿಮೆಂಟಿನ ಗೆರೆ ಮಾತ್ರ ಮುಂದೆ ಚಾಚಿಕೊಂಡಿರುತ್ತದೆ. ಸವೆಯಬೇಕಾದದ್ದು ಗಾರೆ, ಕಲ್ಲಲ್ಲ.

ನಮ್ಮ ಮಂಗಳೂರಲ್ಲಿ ಹಿಮವಿಲ್ಲ, ನಿಜ. ಆದರೆ ಇಲ್ಲಿನ ಗೋಡೆಗೆ ಬಳಸುವ ಕೆಂಪು ಮುರಕಲ್ಲಿನ ತುಂಬ ರಂಧ್ರ, ಮೇಲೆ ವರ್ಷಕ್ಕೆ 3,500 ಮಿ.ಮೀ. ದಾಟುವ ಮಳೆ. ಹಳೆಯ ಚರ್ಚಾಗಲಿ, ತುಳುನಾಡಿನ ಹಿರಿಮನೆತನಗಳ ಗುತ್ತಿನಮನೆಯಾಗಲಿ, ಸಿಮೆಂಟ್ ಬಳಿದರೆ ಇಲ್ಲಿಯೂ ಅದೇ ಪಾಡು.

ಗಾರೆ ಮುಟ್ಟುವ ಮೊದಲು ನೀರಿನ ದಾರಿ ನೋಡಿ. ಇಂಗ್ಲೆಂಡಿನ ಚರ್ಚುಗಳಲ್ಲಿ ಶತಮಾನಗಳ ಸಮಾಧಿಗಳಿಂದ ಸುತ್ತಲ ನೆಲ ಏರಿ ಗೋಡೆಗೆ ಒತ್ತಿಕೊಂಡಿರುತ್ತದೆ. ಇಲ್ಲಿ ಅಂಗಳದ ಇಂಟರ್‌ಲಾಕ್ ಹಾಸು ಗೋಡೆಯ ಬುಡಕ್ಕೇ ತಾಗಿರುತ್ತದೆ. ಹಂಚಿನ ನೀರು ಬುಡಕ್ಕೆ ಬೀಳುತ್ತಿದ್ದರೆ ಯಾವ ಗಾರೆಯೂ ನಿಲ್ಲದು.

ಸಂದಿನ ಅಗಲದ ಎರಡರಷ್ಟು ಆಳಕ್ಕೆ ಹಳೆಯ ಗಾರೆಯನ್ನು ಕೈ ಉಳಿಯಿಂದಲೇ ಕೆರೆಯಿರಿ. ಗ್ರೈಂಡರ್ ತಂದರೆ ಕಲ್ಲಿನ ಅಂಚು ಹೋಯಿತೆಂದೇ ಲೆಕ್ಕ. ಪುಡಿ ತೊಳೆದು ಗೋಡೆ ನೆನೆಸಿ. ಹೊಸ ಗಾರೆಗೆ ಕನಿಷ್ಠ 3 ತಿಂಗಳು ನೀರಿನಡಿ ಇಟ್ಟ ಅರಳಿದ ಸುಣ್ಣ 1 ಪಾಲು, ಒರಟು ಹೊಳೆಮರಳು 3 ಪಾಲು. ಕಡಲ ಮರಳು ಬೇಡವೇ ಬೇಡ, ಅದರ ಉಪ್ಪೇ ಗೋಡೆಯನ್ನು ತಿನ್ನುತ್ತದೆ. ಆಳ ಹೆಚ್ಚಿದ್ದರೆ ಒಂದು ಸಲಕ್ಕೆ 20 ಮಿ.ಮೀ.ಗಿಂತ ಹೆಚ್ಚು ತುಂಬಬೇಡಿ, ಬಿರುಕು ಬಿಡುತ್ತದೆ. ಸ್ವಲ್ಪ ಬಿಗಿದ ಮೇಲೆ ಗಟ್ಟಿ ಬ್ರಷ್‌ನಿಂದ ಕುಟ್ಟಿ ಒತ್ತಿ.

ಹೆಚ್ಚಿನವರು ಅವಸರಪಡುವುದು ಇಲ್ಲಿ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನವಾಗಿ ಕಲ್ಲಾಗುತ್ತದೆ, ಅದಕ್ಕೆ ತೇವವೂ ಬೇಕು. ಬಿಸಿಲಿಗೆ ಬೇಗ ಒಣಗಿದರೆ ಬೆರಳಿಗೆ ಪುಡಿ ಬರುತ್ತದೆ. ವಾರವಾದರೂ ಒದ್ದೆ ಗೋಣಿ ಇಳಿಬಿಡಿ. ಇಂಗ್ಲೆಂಡಿನಲ್ಲಿ ಹಿಮದ ಭಯದಿಂದ ಚಳಿಗಾಲ ಬಿಡುತ್ತಾರೆ. ನಾವು ಮಳೆಗಾಲ ಬಿಟ್ಟರಾಯಿತು.

ಹಳೆಯ ಸಿಮೆಂಟ್ ತೀರಾ ಕಚ್ಚಿಕೊಂಡಿದ್ದು, ಕಿತ್ತರೆ ಕಲ್ಲೇ ಒಡೆಯುವಂತಿದ್ದರೆ ಮುಟ್ಟಬೇಡಿ. ಅದು ತಾನಾಗಿ ಸಡಿಲವಾದಾಗ ತೆಗೆದು ಸುಣ್ಣ ತುಂಬಿ.