ಅಟ್ಟದಿಂದ ಇಳಿದ ಬೆಂಕಿಪೊಟ್ಟಣಗಳು

23 ಮಾರ್ಚ್ 2025, ಭಾನುವಾರ
ಅರಸೀಕೆರೆ

ಯುಗಾದಿಗೆ ಇನ್ನೊಂದೇ ವಾರ. ಅಮ್ಮನ ಅಪ್ಪಣೆಯಂತೆ ಬೆಳಿಗ್ಗೆ ಏಳಕ್ಕೇ ಅಟ್ಟ ಹತ್ತಿದೆ. ಹಳೇ ಒನಕೆ, ಕಾಲು ಮುರಿದ ಮಣೆ, ಅಪ್ಪನ ತೂತುಬಿದ್ದ ಛತ್ರಿ ಎಲ್ಲ ಇಳಿಸಿದ ಮೇಲೆ ಮೂಲೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬ ಸಿಕ್ಕಿತು. ಅದರ ಕೆಳಗೆ ಇನ್ನೂರು ಪುಟದ ನೋಟ್‌ಬುಕ್. ನನ್ನ ಬೆಂಕಿಪೊಟ್ಟಣದ ಚಿತ್ರಗಳು! ಮುಟ್ಟಿ ಮೂವತ್ತೈದು ವರ್ಷವಾದರೂ ಆಗಿರಬೇಕು.

ಕೆಲಸ ಅಲ್ಲಿಗೇ ನಿಂತಿತು.

ಈ ಹುಚ್ಚಿಗೆ ನಮ್ಮೂರಿನಷ್ಟು ಒಳ್ಳೆಯ ಜಾಗ ಇರಲಿಲ್ಲ. ಅರಸೀಕೆರೆ ಜಂಕ್ಷನ್ನು ನೋಡಿ. ಹುಬ್ಬಳ್ಳಿ ಕಡೆಯವರು, ಬೆಂಗಳೂರಿನವರು, ಹಾಸನ-ಮೈಸೂರಿಗೆ ಗಾಡಿ ಬದಲಿಸುವವರು ಎಲ್ಲ ಇಲ್ಲೇ ಇಳಿದು ಬೀಡಿ ಹಚ್ಚುತ್ತಿದ್ದರು. ಆಗಿನ್ನೂ ಮೀಟರ್ ಗೇಜ್ ಕಾಲ. ಖಾಲಿ ಪೊಟ್ಟಣ ಹಳಿ ಪಕ್ಕ ಬಿದ್ದ ಕೂಡಲೇ ನಾವು ನಾಲ್ಕೈದು ಹುಡುಗರು ಹದ್ದಿನ ಹಾಗೆ ಎರಗುತ್ತಿದ್ದೆವು. ನಮ್ಮೂರ ಅಂಗಡಿಯಲ್ಲಿ ಸಿಗದ ಚಿತ್ರ ಸಿಕ್ಕರೆ ಆ ದಿನ ಊಟ ಬೇಡ. ಉತ್ತರದ ಕಡೆಯ ಒಬ್ಬ ಅಜ್ಜ, 'ಈ ಕಡ್ಡಿಪೆಟ್ಟಿಗಿ ತಗೊಂಡು ಏನ್ ಮಾಡ್ತೀಯೋ ತಮ್ಮಾ?' ಎಂದು ಕೇಳಿ, ಉಳಿದ ಎರಡು ಕಡ್ಡಿ ಕಿವಿಗೆ ಸಿಕ್ಕಿಸಿಕೊಂಡು ಪೊಟ್ಟಣ ಕೊಟ್ಟಿದ್ದು ಇನ್ನೂ ನೆನಪಿದೆ. ಆ ಕಡ್ಡಿ ಆಮೇಲೆ ಎಲ್ಲಿ ಗೀರಿದನೋ ಪಾಪ.

ಆಗಿನ ಪೊಟ್ಟಣ ತೆಳು ಮರದ್ದು, ಮೇಲೆ ನೀಲಿ ಕಾಗದ ಸುತ್ತಿರುತ್ತಿತ್ತು. ಚಿತ್ರವನ್ನು ಬೇರೆ ಅಂಟಿಸಿರುತ್ತಿದ್ದರು. ಲೋಟದ ನೀರಲ್ಲಿ ನೆನೆಸಿದರೆ ಸ್ವಲ್ಪ ಹೊತ್ತಿಗೆ ತಾನೇ ಬಿಟ್ಟುಕೊಳ್ಳುತ್ತಿತ್ತು. ಚಿತ್ರವನ್ನು ಕಿಟಕಿ ಸರಳಿಗೆ ಅಂಟಿಸಿ ಒಣಗಿಸಿ, ಮೈದಾ ಅಂಟು ಕಾಯಿಸಿ ಪುಸ್ತಕಕ್ಕೆ ಹಚ್ಚುವುದು. ಒಂದೇ ಥರದ್ದು ಜಾಸ್ತಿ ಇದ್ದರೆ ಡಬ್ಬಕ್ಕೆ. ಅವು ಆಟಕ್ಕೆ. ನೆಲದ ಮೇಲೆ ಗೆರೆ ಎಳೆದು, ಚಪ್ಪಟೆ ಕಲ್ಲು ಎಸೆದು ಗೆಲ್ಲುವ ಆಟ. ಹಡಗಿನ ಚಿತ್ರದ 'ಶಿಪ್' ಎಲ್ಲರ ಹತ್ತಿರವೂ ಇರುತ್ತಿದ್ದುದರಿಂದ ಅದಕ್ಕೆ ಒಂದೇ ಅಂಕ. ಚಿರತೆ ಜೊತೆ ಗಂಡಸೊಬ್ಬ ಹೊಡೆದಾಡುವ 'ಚೀತಾ ಫೈಟ್'ಗೆ ಐದು. ಅಪರಿಚಿತ ಚಿತ್ರಕ್ಕೆ ಹತ್ತು, ಅದೂ ಜಗಳ ಆದಮೇಲೆ.

ಇಷ್ಟೊಂದು ಚಿತ್ರ ಎಲ್ಲಿಂದ ಬರುತ್ತಿದ್ದವು ಎಂದು ಗೊತ್ತಾದದ್ದು ದೊಡ್ಡವನಾದ ಮೇಲೆ. 1922ರಲ್ಲಿ ಶಿವಕಾಶಿಯ ಷಣ್ಮುಗ ನಾಡಾರ್ ಮತ್ತು ಅಯ್ಯ ನಾಡಾರ್ ಕಲ್ಕತ್ತಕ್ಕೆ ಹೋಗಿ ಬೆಂಕಿಕಡ್ಡಿ ಮಾಡುವುದನ್ನು ಕಲಿತು ಬಂದರು. ಕಡ್ಡಿ ಮಾಡಿದ ಮೇಲೆ ಪೊಟ್ಟಣಕ್ಕೆ ಚಿತ್ರ ಬೇಕಲ್ಲ, ಅದಕ್ಕಾಗಿ ಅಚ್ಚುಕೂಟಗಳು ಬಂದವು. ಮುಂದೆ ನಮ್ಮ ಗೋಡೆ ಮೇಲಿನ ದೇವರ ಕ್ಯಾಲೆಂಡರುಗಳೂ ಅದೇ ಊರಿಂದ ಬಂದವು. ಒಂದು ಚಿತ್ರ ಚೆನ್ನಾಗಿ ಓಡಿದರೆ ಪಕ್ಕದ ಕಾರ್ಖಾನೆಯವನು ಅದನ್ನೇ ಒಂಚೂರು ತಿರುಚಿ, ಹೆಸರು ಬದಲಿಸಿ ಹಾಕುತ್ತಿದ್ದ. ನಮಗೆ ಅಂಥ ಕಳ್ಳ ಚಿತ್ರವೇ ಹೆಚ್ಚು ಇಷ್ಟ.

ಈ ಹುಚ್ಚಿಗೊಂದು ಹೆಸರೂ ಇದೆಯಂತೆ, ಫಿಲ್ಯುಮೆನಿ. ಗ್ರೀಕಿನ ಪ್ರೀತಿಗೆ ಲ್ಯಾಟಿನ್ನಿನ ಬೆಳಕು ಸೇರಿಸಿ ಕಟ್ಟಿದ ಪದ. ನಮಗೆ ಆಗ ಪದ ಗೊತ್ತಿರಲಿಲ್ಲ, ಬೈಗುಳ ಗೊತ್ತಿತ್ತು.

ನೋಟ್‌ಬುಕ್ ತೆರೆದೆ. ಎದೆ ಧಸಕ್ಕೆಂದಿತು. ಹುಳ ತಿಂದು ಪುಟ ಪುಟವೂ ಜರಡಿ. ಒಂದು ಗಿಳಿಗೆ ಕೊಕ್ಕಿಲ್ಲ, ಒಂದು ವಿಮಾನಕ್ಕೆ ರೆಕ್ಕೆಯಿಲ್ಲ. ಎಲ್ಲಕ್ಕಿಂತ ಒಳ್ಳೆಯವು ಎಂದು ಆರಿಸಿ ಅಂಟಿಸಿದ್ದವೇ ಹೋಗಿವೆ. ಆಟಕ್ಕೆಂದು ಡಬ್ಬಕ್ಕೆ ಸುರಿದಿದ್ದ 'ಶಿಪ್'ಗಳು ಮಾತ್ರ ನಿನ್ನೆ ಮೊನ್ನೆ ಅಚ್ಚಾದ ಹಾಗಿವೆ. ಎಣಿಸಿದೆ, ನಲವತ್ತೊಂದು!

ಇನ್ನೊಂದು ತಪ್ಪೂ ಇವತ್ತೇ ಹೊಳೆಯಿತು. ಚಿತ್ರದ ಆಸೆಗೆ ಪೊಟ್ಟಣ ಬಿಸಾಡಿದೆ. ಯಾರು ಮಾಡಿದ್ದು, ಯಾವ ಊರು, ಇದಕ್ಕೆಲ್ಲ ಈಗ ಏನೂ ಸುಳಿವಿಲ್ಲ. ಎಲ್ಲಿ ಸಿಕ್ಕಿತು ಎಂದಾದರೂ ಪಕ್ಕದಲ್ಲಿ ಬರೆದಿಡಬಹುದಿತ್ತು. ಬರೆದಿದ್ದು ಒಂದೇ ಒಂದು ಕಡೆ, ಅದೂ 'ಮುಟ್ಟಿದರೆ ಕೈ ಮುರೀತೀನಿ' ಅಂತ.

'ಇದಕ್ಕೆಷ್ಟು ಸಿಗುತ್ತೆ ಮಾಮ?' ಎಂದ ತಂಗಿಯ ಮಗ, ಫೋನು ಹಿಡಿದುಕೊಂಡು. ಈಗಿನ ಮಕ್ಕಳ ಮೊದಲ ಪ್ರಶ್ನೆ ಇದೇ. ಏನೂ ಸಿಗಲ್ಲ ಎಂದೆ. ಹಾಗಾದರೆ ಯಾಕೆ ಇಟ್ಟಿದ್ದೀಯಾ ಎಂದ. ನಾನು ಉತ್ತರ ಹುಡುಕುತ್ತಿರುವಾಗ ಅಮ್ಮ ಒಳಗಿಂದಲೇ, 'ಸುಮ್ನೆ ಗುಜರಿಗೆ ಹಾಕೋ ಅದನ್ನ' ಎಂದಳು. ಹೇಳಿದ್ದು ಯಾರು? ಎರಡು ಟ್ರಂಕು ತುಂಬ ರವಿಕೆ ಕಣ ಕೂಡಿಟ್ಟವಳು. ಒಂದನ್ನೂ ಹೊಲಿಸಿಲ್ಲ. ಯಾವುದು ಯಾರ ಮನೆ ಅರಿಶಿನ ಕುಂಕುಮದಲ್ಲಿ ಬಂತು, ಯಾವುದನ್ನು ಮರೆತೂ ಅದೇ ಮನೆಗೆ ವಾಪಸ್ ಕೊಡಬಾರದು ಎಂಬುದೆಲ್ಲ ಬಾಯಿಪಾಠ. ನನಗಿಂತ ಅವಳೇ ಶಿಸ್ತಿನ ಸಂಗ್ರಾಹಕಿ. ಹಾಗೆಂದು ಹೇಳಿದರೆ, 'ಅದೂ ಇದೂ ಒಂದೇ ಏನೋ?' ಎಂದು ರೇಗಿದಳು.

ಸಂಜೆ ದೀಪ ಹಚ್ಚಲು ಬೆಂಕಿಪೊಟ್ಟಣ ಕೇಳಿದಳು. ಒಲೆಗೆ ಲೈಟರು ಬಂದರೂ ದೇವರಿಗೆ ಕಡ್ಡಿಯೇ ಆಗಬೇಕು. ಕೊಡುವ ಮೊದಲು ಕೈ ತಾನೇ ತಿರುಗಿಸಿ ನೋಡಿತು. ರಟ್ಟಿನ ಪೊಟ್ಟಣ, ಬೆಲೆ 2 ರೂಪಾಯಿ. 2021ರ ಡಿಸೆಂಬರಿನವರೆಗೆ ಹದಿನಾಲ್ಕು ವರ್ಷ ಒಂದೇ ರೂಪಾಯಿಗೆ ಸಿಗುತ್ತಿದ್ದ ವಸ್ತು ಅದು. ಚಿತ್ರ ಪರವಾಗಿಲ್ಲ, ಒಂದು ಕಮಲ.

ಹುಳ ತಿಂದದ್ದಕ್ಕೆ ಕಾರಣ ಅಮ್ಮನೇ ಹೇಳಿದಳು. ಅಂಟು ಕಾಯಿಸುವಾಗ ಚಿಟಿಕೆ ಮೈಲುತುತ್ತ ಹಾಕಬೇಕಿತ್ತಂತೆ. ಆಗಲೇ ಹೇಳಬಾರದಿತ್ತೇ? ರಾತ್ರಿ ಹಬ್ಬದ ಸಾಮಾನಿನ ಚೀಟಿ ಬರೆಯಲು ಕೂತೆ. ಬೆಲ್ಲ, ಕಡ್ಲೆಬೇಳೆ, ತುಪ್ಪ, ಏಲಕ್ಕಿ. ಕೊನೆಗೆ, ಮೈದಾ ಕಾಲು ಕೆಜಿ, ಗೊಬ್ಬರದ ಅಂಗಡಿಯಿಂದ ಮೈಲುತುತ್ತ.

'ಮೈದಾ ಯಾಕೋ? ನಾವು ಒಬ್ಬಟ್ಟಿಗೆ ಚಿರೋಟಿ ರವೆ ಅಲ್ವಾ ಹಾಕೋದು?' ಎಂದಳು ಅಮ್ಮ.